ಮೂರು ಪದರವೂ ಒಟ್ಟಿಗೆ ನಡೆಯಲಿ: ಮನೆಯ ಹೊಲಿಗೆ ಯಂತ್ರದಲ್ಲಿ ಕೌದಿ

ಯಂತ್ರದಲ್ಲಿ ಕೌದಿ ಹೊಲಿಯಲು ಕೂತವರ ಕೆಲಸ ಕೆಡುವುದು ಚೂರುಗಳನ್ನು ಜೋಡಿಸುವಾಗ ಅಲ್ಲ. ಮೇಲ್ಪದರ ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತದೆ. ಅದರ ಕೆಳಗೆ ವ್ಯಾಡಿಂಗ್ (ನಡುವಿನ ಮೆತ್ತನೆ ಪದರ), ಅದರ ಕೆಳಗೆ ಅಡಿಬಟ್ಟೆ ಇಟ್ಟು ಮೂರನ್ನೂ ಸೇರಿಸಿ ಹೊಲಿಯಲು ಶುರು ಮಾಡಿದಾಗ ಒಂದೊಂದೇ ಸುಕ್ಕು ಏಳುತ್ತದೆ, ಮೂಲೆ ಎಳೆದುಕೊಳ್ಳುತ್ತದೆ, ತಿರುಗಿಸಿ ನೋಡಿದರೆ ಅಡಿಬಟ್ಟೆಯಲ್ಲಿ ಮಡಿಕೆ ಸಿಕ್ಕಿಕೊಂಡಿರುತ್ತದೆ. ಕಾರಣ ಒಂದೇ. ಸೂಜಿಯ ಕೆಳಗಿರುವ ಯಂತ್ರದ ಹಲ್ಲು ಕೆಳಗಿನ ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತದೆ, ಮೇಲಿನ ಫುಟ್, ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ, ಮೇಲ್ಪದರವನ್ನು ಒತ್ತಿ ತಡೆಯುತ್ತದೆ. ಒಂದು ಪದರ ಮುಂದೆ ಹೋಗುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ. ಕೆಳಗೆ ಹೇಳಿರುವ ಬಹುಪಾಲು ಮಾತು ಈ ಜಾರಾಟವನ್ನು ತಡೆಯುವುದಕ್ಕೇ.

ಇಲ್ಲಿ ತೆಗೆದುಕೊಂಡಿರುವುದು 54 × 72 ಇಂಚಿನ, ಒಬ್ಬರು ಹೊದೆಯುವ ಕೌದಿ. 36 ಇಂಚು ಅಗಲದ ಮಂಚಕ್ಕೆ ಹಾಸಿದರೆ ಎರಡೂ ಬದಿ 9 ಇಂಚು ಇಳಿಬೀಳುತ್ತದೆ. ವಿನ್ಯಾಸ ಮೂರು ಪಟ್ಟಿಯ ಚೌಕ, ಅಂದರೆ ರೈಲ್ ಫೆನ್ಸ್. ತ್ರಿಕೋನವಿಲ್ಲ, ಓರೆ ಕತ್ತರಿಕೆ ಇಲ್ಲ, ಆದರೂ ಹಾಸಿದಾಗ ಮೆಟ್ಟಿಲು ಇಳಿದಂತೆ ಕಾಣುತ್ತದೆ. ಮೊದಲ ಕೌದಿಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ಇಲ್ಲ.

ಯಾವಾಗ ಶುರು ಮಾಡಬೇಕು

ಕೊಡಗಿನಲ್ಲಿ ಈ ಪ್ರಶ್ನೆ ಮುಖ್ಯ. ಬಟ್ಟೆ ಒಗೆದು ಒಣಗಿಸುವ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿಕೊಳ್ಳಿ. ಕತ್ತರಿಸುವುದು, ಜೋಡಿಸುವುದು ಮಳೆಗಾಲದಲ್ಲಿ ಮನೆಯೊಳಗೆ ಕೂತು ಮಾಡಲು ಹೇಳಿಮಾಡಿಸಿದ ಕೆಲಸ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಬಟ್ಟೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಆದ್ದರಿಂದ ಕತ್ತರಿಸುವ ಮುನ್ನ ಪ್ರತಿ ತುಂಡಿಗೂ ಬಿಸಿ ಇಸ್ತ್ರಿ ಹಾಕಿ, ತಣ್ಣಗಾದ ಮೇಲೆ ಅಳೆಯಿರಿ. ತೇವ ಇರುವಾಗ ಅಳೆದು ಕತ್ತರಿಸಿದ ಪಟ್ಟಿ ಇಸ್ತ್ರಿ ಕಂಡ ಮೇಲೆ ಕುಗ್ಗಿ ಅಳತೆ ತಪ್ಪುತ್ತದೆ. ಮೂರು ಪದರ ಸೇರಿಸಿದ ಮೇಲಂತೂ ಒಳಗಿನ ತೇವ ಹೊರಬರುವುದು ಕಷ್ಟ, ಮುಗ್ಗಲು ವಾಸನೆ ಅಲ್ಲಿಂದಲೇ ಶುರುವಾಗುತ್ತದೆ.

ಬಟ್ಟೆಯ ಲೆಕ್ಕ

44 ಇಂಚು ಅಗಲದ ಹತ್ತಿ ಬಟ್ಟೆಯಾದರೆ ಮೂರು ಬಣ್ಣ, ತಲಾ ಒಂದೂಕಾಲು ಮೀಟರ್. 36 ಇಂಚು ಅಗಲದ ಪಾಪ್ಲಿನ್ ಆದರೆ ತಲಾ ಒಂದೂವರೆ ಮೀಟರ್. ಸುತ್ತಲಿನ ಅಂಚುಪಟ್ಟಿಗೆ 44 ಇಂಚು ಅಗಲದ ಬಟ್ಟೆ ಅರ್ಧ ಮೀಟರ್. ಅಡಿಬಟ್ಟೆ ಒಗೆದ ಮೇಲೆ ಕನಿಷ್ಠ 58 × 76 ಇಂಚು ಇರಬೇಕು. 60 × 90ರ ಸಿಂಗಲ್ ಬೆಡ್‌ಶೀಟ್ ಸಾಕಾಗುತ್ತದೆ, ಜೋಡಣೆಯೂ ಬೇಡ. ಆದರೆ ತೀರಾ ಒತ್ತು ನೇಯ್ಗೆಯ ಬೆಡ್‌ಶೀಟ್ ಬೇಡ, ಸೂಜಿ ಇಳಿಯಲು ಕಷ್ಟವಾಗಿ ಹೊಲಿಗೆ ತಪ್ಪುತ್ತದೆ. ವ್ಯಾಡಿಂಗ್ 56 × 74 ಇಂಚು.

ಹಳೆಯ ಹತ್ತಿ ಸೀರೆಯಿಂದ ಮಾಡುವುದಾದರೆ ಅಂಚು ತೆಗೆದ ಮೇಲೆ 40 ಇಂಚು ಅಗಲ ಸಿಕ್ಕರೂ ಕೆಲಸ ನಡೆಯುತ್ತದೆ. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಕೂರುವ ಜಾಗದಲ್ಲಿ ಎಳೆ ಸವೆದು ಬೆಳಕು ಹೆಚ್ಚು ತೂರುತ್ತದೆ, ಆ ಭಾಗ ಬಿಟ್ಟುಬಿಡಿ. ರೇಷ್ಮೆಯನ್ನು ಹತ್ತಿಯ ಜೊತೆ ಸೇರಿಸಬೇಡಿ. ಒಗೆದಾಗ ಎರಡೂ ಒಂದೇ ರೀತಿ ಕುಗ್ಗುವುದಿಲ್ಲ, ರೇಷ್ಮೆ ಮೊದಲು ಹರಿಯುತ್ತದೆ. ಅಜ್ಜಿಯ ರೇಷ್ಮೆ ಸೀರೆಗಾಗಲಿ, ಕೊಡವ ಗಂಡಸರು ಕುಪ್ಯದ (ನಿಲುವಂಗಿಯ) ಮೇಲೆ ಸೊಂಟಕ್ಕೆ ಕಟ್ಟುವ ಕೆಂಪು ಚೇಲೆಗಾಗಲಿ ಕತ್ತರಿ ಹಾಕುವ ಆಸೆ ಬಂದರೆ ದಯವಿಟ್ಟು ತಡೆದುಕೊಳ್ಳಿ. ಅವು ಇದ್ದಂತೆಯೇ ಇರಬೇಕಾದ ಬಟ್ಟೆಗಳು.

ಬಣ್ಣಕ್ಕೆ ಕಾಫಿ ಎಲೆಯ ಗಾಢ ಹಸಿರು, ಹಣ್ಣಿನ ಕೆಂಪು, ಹೂವಿನ ಬಿಳಿ ಇಟ್ಟರೆ ಮೂರರ ನಡುವೆ ವ್ಯತ್ಯಾಸ ಎದ್ದು ಕಾಣುತ್ತದೆ. ಕೆಂಪಿನ ಪಕ್ಕ ಬಿಳಿ ಇಡುವಾಗ ಒಂದು ಎಚ್ಚರಿಕೆ: ಕೆಂಪು ಬಟ್ಟೆಯನ್ನು ಬೆಚ್ಚಗಿನ ಸೋಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒದ್ದೆ ಇರುವಾಗಲೇ ಬಿಳಿ ಕರವಸ್ತ್ರದ ಮೇಲೆ ಇಟ್ಟು ಒಣಗಲು ಬಿಡಿ. ಕರವಸ್ತ್ರಕ್ಕೆ ಬಣ್ಣ ಹತ್ತಿದರೆ ಮತ್ತೆ ಒಗೆಯಿರಿ. ಮೂರು ಸಲ ಆದರೂ ನಿಲ್ಲದಿದ್ದರೆ ಆ ಬಟ್ಟೆ ಕೌದಿಗೆ ಬೇಡ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ಕಚ್ಚುತ್ತದೆ ಎಂದು ಹಲವರು ನಂಬಿದ್ದಾರೆ. ಅಂಗಡಿಯಿಂದ ತಂದ ಬಟ್ಟೆಯ ಬಣ್ಣ ಅದರಿಂದ ನಿಲ್ಲುವುದಿಲ್ಲ.

ನಡುವಿನ ಪದರಕ್ಕೆ ಏನು

ಸೋಮವಾರಪೇಟೆ, ವಿರಾಜಪೇಟೆಯಂಥ ಊರಿನಲ್ಲಿ ಹತ್ತಿಯ ಕ್ವಿಲ್ಟ್ ಬ್ಯಾಟಿಂಗ್ (ಹತ್ತಿಯ ವ್ಯಾಡಿಂಗ್) ಕೇಳಿದ ಕೂಡಲೇ ಸಿಗುತ್ತದೆ ಎನ್ನಲಾಗದು. ತೆಳು ಪಾಲಿಯೆಸ್ಟರ್ ವ್ಯಾಡಿಂಗ್ ಹುಡುಕುವುದು ಸುಲಭ. 100ರಿಂದ 150 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ಕೇಳಿ. ಅದಕ್ಕಿಂತ ದಪ್ಪದ್ದು ಮನೆಯ ಯಂತ್ರದ ಫುಟ್ ಕೆಳಗೆ ತೂರುವುದೇ ಕಷ್ಟ. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಬೇಗ ಒಣಗುತ್ತದೆ. ಮಳೆ ಹೆಚ್ಚಿರುವ ನಮ್ಮ ಕಡೆಗೆ ಅದು ದೊಡ್ಡ ಅನುಕೂಲ.

ಹತ್ತಿಯೇ ಬೇಕೆಂದರೆ ಒಂದು ಪದರ ಫ್ಲಾನೆಲ್, ಇಲ್ಲವೇ ಎರಡು ಮೂರು ಪದರ ಹಳೆಯ ಮೆತ್ತನೆ ಸೀರೆ. ಇದು ಯಂತ್ರದಲ್ಲಿ ಸೊಗಸಾಗಿ ಹೊಲಿಯಲು ಬರುತ್ತದೆ, ಪದರಗಳು ಜಾರುವುದು ಕಡಿಮೆ. ಆದರೆ ಒಗೆದ ಮೇಲೆ ಎತ್ತಲು ಭಾರ, ಒಣಗಲು ಎರಡು ಮೂರು ಬಿಸಿಲು ಬೇಕು. ಹಾಸಿಗೆಗೆ ತುಂಬುವ ಬಿಡಿ ಅರಳೆ ಮಾತ್ರ ಬೇಡ. 2 ಇಂಚಿಗೊಂದು ಸಾಲು ಹೊಲಿಯದಿದ್ದರೆ ಮೊದಲ ಒಗೆತಕ್ಕೇ ಗಂಟುಗಟ್ಟುತ್ತದೆ, ಹೊಲಿಯುವಾಗ ಫುಟ್ ಮುಂದೆ ಗುಡ್ಡೆಯಾಗುತ್ತದೆ.

ಯಂತ್ರ ಸಿದ್ಧಮಾಡುವುದು

ಕಾಲಿನಲ್ಲಿ ತುಳಿಯುವ ಕಪ್ಪು ಯಂತ್ರ ಈ ಕೆಲಸಕ್ಕೆ ಸಾಲದು ಎಂಬುದು ತಪ್ಪು ಕಲ್ಪನೆ. ನೇರ ಹೊಲಿಗೆ ಅದರಷ್ಟು ಚೊಕ್ಕವಾಗಿ ಬರುವ ಯಂತ್ರ ಕಡಿಮೆ, ಮಳೆಗೆ ಕರೆಂಟ್ ಹೋದರೂ ಅದು ನಿಲ್ಲುವುದಿಲ್ಲ. ಮೋಟರ್ ಇರುವ ಯಂತ್ರದಲ್ಲಿ ವೋಲ್ಟೇಜ್ ಇಳಿದಾಗ ದಪ್ಪ ಜಾಗದಲ್ಲಿ ಸೂಜಿ ನಿಂತು ಮೋಟರ್ ಗುಂಯ್‌ಗುಡುತ್ತದೆ. ಆಗ ಪೆಡಲ್ ಒತ್ತಿ ಹಿಡಿಯಬೇಡಿ, ಮೋಟರ್ ಸುಟ್ಟುಹೋಗುತ್ತದೆ. ಕಾಲು ತೆಗೆದು ಚಕ್ರವನ್ನು ಕೈಯಲ್ಲಿ ತಿರುಗಿಸಿ ಆ ಜಾಗ ದಾಟಿಸಿ.

ಎಣ್ಣೆಗೆ ಹೊಲಿಗೆ ಯಂತ್ರದ ಎಣ್ಣೆಯೇ ಆಗಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಡಿಕೇರಿಯ ಚಳಿಯಲ್ಲಿ ಅದು ಯಂತ್ರದ ಸಂದಿಯಲ್ಲಿ ಹೆಪ್ಪುಗಟ್ಟಿ ಅಂಟಾಗಿ ಕೂರುತ್ತದೆ. ಎಣ್ಣೆ ಹಾಕಿದ ಮೇಲೆ ಬೇಡದ ಬಟ್ಟೆಯ ಮೇಲೆ ಐದು ನಿಮಿಷ ಹೊಲಿದು, ಕಲೆ ಬೀಳುವುದು ನಿಂತಿತೆಂದು ಖಚಿತವಾದ ಮೇಲೆ ಕೌದಿಗೆ ಕೈ ಹಾಕಿ.

ಜೋಡಣೆಗೆ 14 ನಂಬರ್ ಸೂಜಿ, ಮೂರು ಪದರ ಹೊಲಿಯಲು 16. ಮನೆಯ ಯಂತ್ರದ ಸೂಜಿಯ ಬುಡ ಒಂದು ಕಡೆ ಚಪ್ಪಟೆ ಇರುತ್ತದೆ. ದರ್ಜಿ ಅಂಗಡಿಯ ದೊಡ್ಡ ಯಂತ್ರದ ದುಂಡು ಬುಡದ ಸೂಜಿ ಇದಕ್ಕೆ ಆಗದು, ಕೊಳ್ಳುವಾಗ ಹಳೆಯ ಸೂಜಿ ತೋರಿಸಿ ಕೇಳಿ. ಸೂಜಿಯ ಉದ್ದನೆಯ ಗೀರು ಯಾವ ಕಡೆ ಇದೆಯೋ ಆ ಕಡೆಯಿಂದ ದಾರ ಪೋಣಿಸಬೇಕು. ಸುಮಾರು 8 ಗಂಟೆ ಹೊಲಿದ ಮೇಲೆ ಸೂಜಿ ಬದಲಿಸಿ. ಹೊಲಿಯುವಾಗ ಟಪ್ ಟಪ್ ಎಂದು ಸದ್ದು ಬರತೊಡಗಿದರೆ ಮೊನೆ ಮೊಂಡಾಗಿದೆ ಎಂದೇ ಅರ್ಥ.

ಕತ್ತರಿಸಿ ಜೋಡಿಸುವುದು

1. ಪ್ರತಿ ಬಣ್ಣದಿಂದ ಬಟ್ಟೆಯ ಅಗಲಕ್ಕೆ ಮೂರೂವರೆ ಇಂಚಿನ 12 ಪಟ್ಟಿ ಕತ್ತರಿಸಿ. 36 ಇಂಚು ಅಗಲದ ಬಟ್ಟೆಯಾದರೆ 16 ಪಟ್ಟಿ. ಹರಿದು ಪಟ್ಟಿ ಮಾಡಬೇಡಿ, ಅಂಚು ಅಲೆಯಲೆಯಾಗಿ ಅಳತೆ ಕೆಡುತ್ತದೆ. ಉರುಳು ಬ್ಲೇಡಿನ ಕಟರ್ ಮತ್ತು ಮ್ಯಾಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎಲ್ ಸ್ಕೇಲ್, ಚೂಪಾದ ಸೀಮೆಸುಣ್ಣ, ಒಳ್ಳೆಯ ಕತ್ತರಿ ಸಾಕು.

2. ಗಾಢ, ನಡು, ತಿಳಿ ಎಂಬ ಕ್ರಮದಲ್ಲಿ ಮೂರು ಪಟ್ಟಿ ಸೇರಿಸಿ ಉದ್ದಕ್ಕೆ ಹೊಲಿಯಿರಿ. ಹೊಲಿಗೆಯ ಅಂಚು ಕಾಲು ಇಂಚು, ಹೊಲಿಗೆಯ ಉದ್ದ ಎರಡೂವರೆ ಮಿಲಿಮೀಟರ್, ಅಂದರೆ ಇಂಚಿಗೆ ಸುಮಾರು 10. ಸೂಜಿಯಿಂದ ಕಾಲು ಇಂಚು ಬಲಕ್ಕೆ ಯಂತ್ರದ ತಟ್ಟೆಯ ಮೇಲೆ ಟೇಪ್ ಅಂಟಿಸಿಕೊಳ್ಳಿ, ಬಟ್ಟೆ ಅದನ್ನು ಸವರಿಕೊಂಡು ಹೋಗಲಿ. ಎರಡನೆಯ ಹೊಲಿಗೆಯನ್ನು ಮೊದಲನೆಯದರ ಎದುರು ದಿಕ್ಕಿನಿಂದ ಶುರು ಮಾಡಿದರೆ ಪಟ್ಟಿ ಬಿಲ್ಲಿನಂತೆ ಬಾಗುವುದಿಲ್ಲ.

3. ಹೊಲಿಗೆಯ ಅಂಚನ್ನು ಗಾಢ ಬಣ್ಣದ ಕಡೆಗೆ ಮಲಗಿಸಿ ಇಸ್ತ್ರಿ ಹಾಕಿ. ಇಸ್ತ್ರಿಯನ್ನು ಎತ್ತಿ ಇಡಿ. ಎಳೆದಾಡಿಸಿದರೆ ಪಟ್ಟಿ ಹಿಗ್ಗುತ್ತದೆ.

4. ಈಗ ಅಗಲ ಅಳೆಯಿರಿ. ಒಂಬತ್ತೂವರೆ ಇಂಚು ಬರಬೇಕು. ಮೊದಲ ಪಟ್ಟಿಗುಚ್ಛ (ಸೇರಿಸಿದ ಮೂರು ಪಟ್ಟಿ) ಹೊಲಿದ ಕೂಡಲೇ ಇದನ್ನು ನೋಡಿಕೊಳ್ಳಿ. ಒಂದು ಚೌಕದಲ್ಲಿ ಅರೆಕಾಲು ಇಂಚು ಹೆಚ್ಚುಕಡಿಮೆಯಾದರೆ 8 ಚೌಕದ ಸಾಲಿಗೆ ಪೂರಾ ಒಂದು ಇಂಚು ವ್ಯತ್ಯಾಸ. ಎಲ್ಲ ಗುಚ್ಛವೂ ಒಂದೇ ಸಮ ಅರೆಕಾಲು ಇಂಚು ಕಡಿಮೆ ಬಂದಿದ್ದರೆ ಬಿಚ್ಚುವ ಅಗತ್ಯವಿಲ್ಲ. ಎಷ್ಟು ಅಗಲ ಬಂದಿದೆಯೋ ಅಷ್ಟೇ ಉದ್ದಕ್ಕೆ ಚೌಕ ಕತ್ತರಿಸಿ. ಕೌದಿ ಒಂದು ಇಂಚು ಚಿಕ್ಕದಾಗುತ್ತದೆ, ಚೌಕ ಚೌಕವಾಗಿಯೇ ಇರುತ್ತದೆ.

5. ಗುಚ್ಛವನ್ನು ಒಂಬತ್ತೂವರೆ ಇಂಚಿಗೊಂದರಂತೆ ಕತ್ತರಿಸಿ. ಒಂದು ಗುಚ್ಛದಿಂದ 4 ಚೌಕ, 12 ಗುಚ್ಛದಿಂದ 48. 36 ಇಂಚು ಅಗಲದ ಬಟ್ಟೆಯಾದರೆ ಒಂದು ಗುಚ್ಛದಿಂದ 3, 16 ಗುಚ್ಛದಿಂದ 48. ಅಗಲಕ್ಕೆ 6, ಉದ್ದಕ್ಕೆ 8 ಇಟ್ಟು ನೆಲದ ಮೇಲೆ ಹಾಸಿ. ಒಂದು ಚೌಕ ಅಡ್ಡ, ಪಕ್ಕದ್ದು ಉದ್ದ, ಹೀಗೆ ಚದುರಂಗದ ಮನೆಯಂತೆ ಬದಲಾಗುತ್ತಾ ಹೋಗಬೇಕು. ಅಡ್ಡ ಚೌಕದಲ್ಲಿ ಗಾಢ ಪಟ್ಟಿ ಯಾವಾಗಲೂ ಮೇಲೆ, ಉದ್ದ ಚೌಕದಲ್ಲಿ ಯಾವಾಗಲೂ ಎಡಕ್ಕೆ. ಒಂದೇ ಒಂದು ಚೌಕ ತಿರುಗಿದರೂ ಮೆಟ್ಟಿಲು ಅಲ್ಲಿ ಕಡಿದುಹೋಗುತ್ತದೆ. ಹೊಲಿಯುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದು ನೋಡಿ, ಕಣ್ಣಿಗೆ ತಪ್ಪಿದ್ದು ಫೋಟೊದಲ್ಲಿ ಸಿಗುತ್ತದೆ.

ಮೊದಲು ನಾಲ್ಕೇ ಚೌಕದಲ್ಲಿ 18 ಇಂಚಿನ ಒಂದು ಸ್ಟೂಲ್ ಹಾಸು ಮಾಡಿ ಕೈ ಪಳಗಿಸಿಕೊಳ್ಳುವುದು ಉತ್ತಮ. ಅದನ್ನೇ ಬಿಸಿ ಪಾತ್ರೆ ಇಡಲು ಬಳಸುವುದಾದರೆ ಒಳಗೆ ಹಳೆಯ ಟರ್ಕಿ ಟವಲ್ ಇಡಿ. ಪಾಲಿಯೆಸ್ಟರ್ ವ್ಯಾಡಿಂಗ್ ಬಿಸಿಗೆ ಕರಗುತ್ತದೆ.

ಕಚ್ಚಾ ಹೊಲಿಗೆ: ಇಲ್ಲಿ ಅವಸರ ಬೇಡ

ಕೌದಿಯ ಹಣೆಬರಹ ನಿರ್ಧಾರವಾಗುವುದು ನೆಲದ ಮೇಲೆ. ಗುಡಿಸಿ ಒರೆಸಿ ಒಣಗಿದ ನೆಲದ ಮೇಲೆ ಅಡಿಬಟ್ಟೆಯನ್ನು ಉಲ್ಟಾ ಮುಖ ಮೇಲಾಗಿ ಹಾಸಿ, ನಾಲ್ಕೂ ಬದಿ ಅಗಲ ಟೇಪಿನಿಂದ ನೆಲಕ್ಕೆ ಅಂಟಿಸಿ. ಸುಕ್ಕಿಲ್ಲದಷ್ಟು ಬಿಗಿ ಸಾಕು. ರಬ್ಬರಿನಂತೆ ಎಳೆದು ಅಂಟಿಸಿದರೆ ಟೇಪ್ ತೆಗೆದ ಕ್ಷಣ ಅದು ಹಿಂದಕ್ಕೆ ಸೇರಿಕೊಂಡು ಮೇಲ್ಪದರದಲ್ಲಿ ಸುಕ್ಕು ಏಳುತ್ತದೆ. ಅದರ ಮೇಲೆ ವ್ಯಾಡಿಂಗ್, ಅದರ ಮೇಲೆ ಮೇಲ್ಪದರ. ಪ್ರತಿಯೊಂದನ್ನೂ ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ಸವರಿ ಕೂರಿಸಿ.

ಇನ್ನು ಮೂರೂ ಪದರವನ್ನು ಸದ್ಯಕ್ಕೆ ಹಿಡಿದಿಡಲು ಪಿನ್ನೋ ದಾರವೋ? ಬಾಗಿದ ಸೇಫ್ಟಿ ಪಿನ್ ಹಾಕುವುದು ಬೇಗ ಮುಗಿಯುತ್ತದೆ. 4 ಇಂಚಿಗೊಂದರಂತೆ ಈ ಅಳತೆಗೆ ಸುಮಾರು 250 ಪಿನ್ ಬೇಕು. ಆದರೆ ಮನೆಕೆಲಸ, ತೋಟದ ಕೆಲಸದ ನಡುವೆ ಕೌದಿ ಮುಗಿಯಲು ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಮಳೆಗಾಲದ ತೇವಕ್ಕೆ ಪಿನ್ ತುಕ್ಕು ಹಿಡಿದು ಕಂದು ಚುಕ್ಕಿ ಬೀಳುತ್ತದೆ, ಅದು ಸುಲಭಕ್ಕೆ ಹೋಗದು. ಅದಕ್ಕೇ ಇಲ್ಲಿ ದಾರದ ಕಚ್ಚಾ ಹೊಲಿಗೆಯೇ ಸರಿ. ಉದ್ದ ಸೂಜಿ, ಎದ್ದು ಕಾಣುವ ಬಣ್ಣದ ದಾರ, ಒಂದೂವರೆ ಇಂಚಿನ ದೊಡ್ಡ ಟಾಕ. ನಡುವಿನಿಂದ ಹೊರಕ್ಕೆ, 4 ಇಂಚು ಅಂತರದ ಸಾಲು, ಉದ್ದಕ್ಕೂ ಅಡ್ಡಕ್ಕೂ. ಇಬ್ಬರು ಕೂತರೆ ಮಾತಾಡುತ್ತಾ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ಧಿ ಸಮುದಾಯದ ಹೆಣ್ಣುಮಕ್ಕಳು ಕೈಯಲ್ಲಿ ಕೌದಿ ಹೊಲಿಯುವಾಗ ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಅವರು ಚೂರುಗಳನ್ನು ಮೊದಲೇ ಜೋಡಿಸಿಟ್ಟಿರುವುದಿಲ್ಲ. ಒಂದೊಂದೇ ಚೂರು ಇಟ್ಟು ಹೊಲಿಯುತ್ತಾ ಹೋಗುವುದರಿಂದ ಹೆಚ್ಚುವರಿ ಬಟ್ಟೆ ನಡುವಿನಲ್ಲಿ ಗುಡ್ಡೆಯಾಗುವ ಪ್ರಶ್ನೆಯೇ ಇಲ್ಲ. ನಮ್ಮದು ಹಾಗಲ್ಲ. ಇಡೀ ಮೇಲ್ಪದರ ಮೊದಲೇ ಸಿದ್ಧವಾಗಿದೆ. ಅಂಚಿನಿಂದ ಶುರುಮಾಡಿದರೆ ಮಿಕ್ಕ ಬಟ್ಟೆಗೆ ಹೋಗಲು ಜಾಗವಿರುವುದಿಲ್ಲ. ಯಂತ್ರದ ಕೌದಿಯನ್ನು ನಡುವಿನಿಂದ ಹೊರಕ್ಕೆ ಹೊಲಿಯಬೇಕೆನ್ನುವುದು ಇದಕ್ಕೇ.

ಮೂರು ಪದರ ಹೊಲಿಯುವುದು

ವಾಕಿಂಗ್ ಫುಟ್ ಸಿಕ್ಕರೆ ಹಾಕಿಕೊಳ್ಳಿ. ಅದರ ಅಡಿಯಲ್ಲೂ ಹಲ್ಲು ಇರುವುದರಿಂದ ಮೇಲ್ಪದರವೂ ಅಡಿಬಟ್ಟೆಯ ಜೊತೆಗೇ ನಡೆಯುತ್ತದೆ. ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ: ಅದರ ಹಲ್ಲು ನಿಮ್ಮ ಯಂತ್ರದ ಹಲ್ಲಿನ ಮೇಲೆ ಸರಿಯಾಗಿ ಕೂರುತ್ತದೆಯೇ? ಹಳೆಯ ಕಪ್ಪು ಯಂತ್ರದ ಹಲ್ಲಿನ ಸಾಲು ಕಿರಿದಾಗಿರುತ್ತದೆ. ಫುಟ್‌ನ ಹಲ್ಲು ಅದರ ಆಚೀಚೆ ಬಿದ್ದರೆ ದುಡ್ಡು ದಂಡ. ಆಗ ಮಾಮೂಲಿ ಫುಟ್ಟೇ ಇರಲಿ. ಫುಟ್ ಕಂಬಿಯ ನೆತ್ತಿಯಲ್ಲಿರುವ ತಿರುಪು ಸಡಿಲಿಸಿ ಒತ್ತಡ ಇಳಿಸಿ, ತೆಳು ವ್ಯಾಡಿಂಗ್ ಬಳಸಿ, ಕಚ್ಚಾ ಹೊಲಿಗೆಯನ್ನು 3 ಇಂಚಿಗೊಂದು ಹಾಕಿ. ಅಷ್ಟರಿಂದಲೇ ಮುಕ್ಕಾಲು ತೊಂದರೆ ತಪ್ಪುತ್ತದೆ.

ಹೊಲಿಗೆಯ ಉದ್ದ 3ರಿಂದ ಮೂರೂವರೆ ಮಿಲಿಮೀಟರ್. ಶುರು ಮಾಡುವ ಮುನ್ನ ಐದಾರು ಬಾಬಿನ್ ಸುತ್ತಿಟ್ಟುಕೊಳ್ಳಿ. ಯಂತ್ರದ ಎಡಕ್ಕೂ ಹಿಂದಕ್ಕೂ ಮೇಜು ಸೇರಿಸಿ. ಕೌದಿ ಕೆಳಗೆ ಜೋತುಬಿದ್ದರೆ ಅದರ ಭಾರ ಬಟ್ಟೆಯನ್ನು ಹಿಂದಕ್ಕೆಳೆದು ಹೊಲಿಗೆ ಸಣ್ಣದಾಗುತ್ತದೆ, ಸೂಜಿ ಬಾಗಿ ತಟ್ಟೆಗೆ ಬಡಿದು ಮುರಿಯುತ್ತದೆ.

ಕೌದಿಯ ಎರಡು ಬದಿಯನ್ನೂ ನಡುವಿನವರೆಗೆ ಸುರುಳಿ ಸುತ್ತಿ, ಬಲಗಡೆಯ ಸುರುಳಿಯನ್ನು ಯಂತ್ರದ ಕತ್ತಿನ ಸಂದಿಯಲ್ಲಿ ತೂರಿಸಿ. ಮೊದಲು ನಟ್ಟನಡುವಿನ ಉದ್ದ ಜೋಡಣೆಯ ಗೆರೆಯ ಮೇಲೆ ಹೊಲಿಯಿರಿ. ಬಳಿಕ ಅದರ ಬಲಕ್ಕಿರುವ ಗೆರೆಗಳು, ಕೌದಿ ತಿರುಗಿಸಿ ಉಳಿದರ್ಧ. ಆಮೇಲೆ ಅಡ್ಡ ಗೆರೆಗಳು. 9 ಇಂಚಿನ ಮನೆಗಳು ಹೀಗೆ ಭದ್ರವಾದ ಮೇಲೆ ಮೂಲೆಯಿಂದ ಮೂಲೆಗೆ ಓರೆ ಗೆರೆ, ಎರಡು ಓರೆಗಳ ನಡುವೆ ಇನ್ನೊಂದು. ಆಗ ಸಾಲುಗಳ ಅಂತರ 3 ಇಂಚಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ, ಪಾಲಿಯೆಸ್ಟರ್‌ಗೂ ಫ್ಲಾನೆಲ್‌ಗೂ ಅದು ಸರಿಹೋಗುತ್ತದೆ. ಓರೆಯಲ್ಲಿ ಬಟ್ಟೆ ಹಿಗ್ಗುವುದರಿಂದ ಓರೆಯನ್ನು ಮೊದಲು ಹೊಲಿಯಬಾರದು. ಅಕ್ಕಪಕ್ಕದ ಓರೆಗಳನ್ನು ಒಂದೇ ದಿಕ್ಕಿನಲ್ಲಿ ಹೊಲಿಯಿರಿ. ಒಂದು ಮೇಲಿಂದ, ಇನ್ನೊಂದು ಕೆಳಗಿಂದ ಹೊಲಿದರೆ ನಡುವಿನ ಬಟ್ಟೆ ತಿರುಚಿಕೊಂಡು ಗೀರುಗೀರಾಗಿ ಕಾಣುತ್ತದೆ. ಗುರುತು ಹಾಕಲು ಸವೆದ ಸೋಪಿನ ತೆಳು ಬಿಲ್ಲೆ ಚೆನ್ನಾಗಿ ನಡೆಯುತ್ತದೆ, ಒಗೆದರೆ ಹೋಗುತ್ತದೆ. ನೀರಿಗೆ ಮಾಸುವ ನೀಲಿ ಪೆನ್ನಿನ ಗುರುತಿನ ಮೇಲೆ ಮಾತ್ರ ಇಸ್ತ್ರಿ ತಾಗಿಸಬೇಡಿ, ಬಿಸಿಗೆ ಅದು ಕಚ್ಚಿಕೊಳ್ಳುತ್ತದೆ.

ಕೈ ಪಳಗಿದವರು ಓರೆ ಗೆರೆಯ ಬದಲು ಹಲ್ಲು ಇಳಿಸಿ ಬಳ್ಳಿ ಬಿಡಿಸಬಹುದು. ಹಲ್ಲು ಇಳಿಸಲು ಬಾರದ ಯಂತ್ರವಾದರೆ ಅದನ್ನು ಮುಚ್ಚುವ ತಟ್ಟೆ ಸಿಗುತ್ತದೆ. ಫುಟ್ ಬದಲು ಕಸೂತಿಗೆ ಬಳಸುವ ಡಾರ್ನಿಂಗ್ ಫುಟ್, ಕೈಗೆ ರಬ್ಬರ್ ಚುಕ್ಕಿಯ ಗವಸು. ಇಲ್ಲಿ ಬಟ್ಟೆಯನ್ನು ನಡೆಸುವುದು ನಿಮ್ಮ ಕೈ. ಕಾಳುಮೆಣಸಿನ ಬಳ್ಳಿ ಇದಕ್ಕೆ ಒಳ್ಳೆಯ ಮಾದರಿ: ಅಲೆಯುವ ಕಾಂಡ, ಅಲ್ಲಲ್ಲಿ ಹೃದಯದಾಕಾರದ ಎಲೆ, ಪಕ್ಕದಲ್ಲಿ ಜೋತ ಗೆರೆ, ಗೆರೆಯ ಗುಂಟ ಸಣ್ಣ ಸುರುಳಿಗಳು. ದಾರ ಕಡಿಯದೆ ಕೌದಿಯ ಈ ತುದಿಯಿಂದ ಆ ತುದಿಗೆ ಹೋಗಬಹುದು. ಕಾಫಿ ಗಿಡದ ಎದುರುಬದುರು ಎಲೆ ಮತ್ತು ಗೆಣ್ಣಿನ ಹಣ್ಣಿನ ಗೊಂಚಲು ಇದಕ್ಕಿಂತ ಕಷ್ಟ, ಪ್ರತಿ ಹಣ್ಣಿಗೂ ಬಂದ ದಾರಿಯಲ್ಲೇ ಹಿಂದಿರುಗಬೇಕಾಗುತ್ತದೆ. ಮೊದಲು ಕಾಗದದ ಮೇಲೆ ಪೆನ್ಸಿಲ್ ಎತ್ತದೆ ಬಿಡಿಸಿ ಅಭ್ಯಾಸ ಮಾಡಿ. ತುಳಿಯುವ ಯಂತ್ರದಲ್ಲೂ ಇದು ಸಾಧ್ಯ, ಎರಡು ಕೈಯೂ ಖಾಲಿ ಇರುತ್ತವೆ. ಕೈಯಲ್ಲಿ ಚಕ್ರ ತಿರುಗಿಸುವ ಯಂತ್ರದಲ್ಲಿ ಆಗದು.

ಹೊಲಿಗೆ ಕೆಟ್ಟರೆ

ಕೆಳಗೆ ದಾರ ಗೂಡು ಕಟ್ಟಿದರೆ ಬಾಬಿನ್ನನ್ನು ದೂರಬೇಡಿ. ಬಹಳ ಸಲ ಮೇಲಿನ ದಾರ ಟೆನ್ಶನ್ ಬಿಲ್ಲೆಗಳ ನಡುವೆ ಕೂತಿರುವುದಿಲ್ಲ, ಇಲ್ಲವೇ ಫುಟ್ ಇಳಿಸಲು ಮರೆತಿರುತ್ತೀರಿ. ಫುಟ್ ಎತ್ತಿ ದಾರವನ್ನು ಮೊದಲಿಂದ ಪೋಣಿಸಿ. ಪ್ರತಿ ಸಾಲಿನ ಆರಂಭದಲ್ಲಿ ಬಾಬಿನ್ ದಾರವನ್ನು ಮೇಲಕ್ಕೆ ಎಳೆದು ಎರಡೂ ತುದಿ ಹಿಡಿದುಕೊಂಡರೆ ಗೂಡು ಕಟ್ಟುವುದಿಲ್ಲ. ಕೆಳಗಿನ ದಾರ ಚುಕ್ಕಿಯಾಗಿ ಮೇಲೆ ಕಾಣಿಸಿದರೆ ಮೇಲಿನ ಟೆನ್ಶನ್ ಬಿಗಿಯಾಗಿದೆ, ಕಾಲು ಸುತ್ತು ಸಡಿಲಿಸಿ. ಬಳ್ಳಿ ಬಿಡಿಸುವಾಗ ತಿರುವುಗಳಲ್ಲಿ ಅಡಿಯಲ್ಲಿ ಕಣ್ಣುರೆಪ್ಪೆಯ ಕೂದಲಿನಂತೆ ದಾರ ಕಂಡರೆ ತಿರುವಿನಲ್ಲಿ ಕೈ ಓಡುತ್ತಿದೆ ಎಂದರ್ಥ. ಕೈ ನಿಧಾನಿಸಿ, ಯಂತ್ರದ ವೇಗ ಒಂದೇ ಸಮ ಇರಲಿ. ದಾರ ಪದೇ ಪದೇ ಕಡಿದರೆ ಒಂದು ಗೇಣು ದಾರ ಎರಡು ಕೈಯಲ್ಲಿ ಎಳೆದು ನೋಡಿ. ಸುಲಭಕ್ಕೆ ಕಡಿದರೆ ದಾರ ಹಳತಾಗಿದೆ.

ಅಡಿಬಟ್ಟೆಯಲ್ಲಿ ಮಡಿಕೆ ಸಿಕ್ಕಿದ್ದರೆ ಆ ಸಾಲನ್ನು ಎರಡೂ ಬದಿ 3 ಇಂಚು ಹೆಚ್ಚಾಗಿಯೇ ಬಿಚ್ಚಿ, ಸವರಿ, ಮತ್ತೆ ಕಚ್ಚಾ ಹಾಕಿ ಹೊಲಿಯಿರಿ. ಒಗೆದರೆ ಸರಿಹೋಗುತ್ತದೆ ಎಂದು ಬಿಟ್ಟರೆ ಅದು ಅಲ್ಲಿಯೇ ಉಳಿಯುತ್ತದೆ.

ಅಂಚುಪಟ್ಟಿ

ಎರಡೂವರೆ ಇಂಚಿನ 7 ಪಟ್ಟಿಯನ್ನು ಓರೆಯಾಗಿ ಜೋಡಿಸಿ. ಸುತ್ತಳತೆ 252 ಇಂಚು, ಮೂಲೆ ಮತ್ತು ಕೊನೆಯ ಜೋಡಣೆಗೆ ಇನ್ನೊಂದು 12 ಇಂಚಾದರೂ ಬೇಕು. ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಹಾಕಿ. ಹೆಚ್ಚುವರಿ ವ್ಯಾಡಿಂಗ್, ಅಡಿಬಟ್ಟೆಯನ್ನು ಮೇಲ್ಪದರದ ಸಮಕ್ಕೆ ಕತ್ತರಿಸಿ, ಪಟ್ಟಿಯ ಕತ್ತರಿಸಿದ ಅಂಚನ್ನು ಕೌದಿಯ ಅಂಚಿಗೆ ಹೊಂದಿಸಿ ಕಾಲು ಇಂಚಿನಲ್ಲಿ ಹೊಲಿಯಿರಿ. ಮೂಲೆ ಬರಲು ಕಾಲು ಇಂಚು ಇರುವಾಗ ನಿಲ್ಲಿಸಿ ದಾರ ಕಡಿಯಿರಿ. ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿ, ಮತ್ತೆ ಕೆಳಕ್ಕೆ ಮಡಚಿ, ಮುಂದಿನ ಬದಿಯನ್ನು ತುದಿಯಿಂದಲೇ ಶುರುಮಾಡಿ. ಹಿಂದಕ್ಕೆ ತಿರುಗಿಸಿದಾಗ ಮೂಲೆ ತಾನಾಗಿ ಓರೆ ಮಡಿಕೆಯಲ್ಲಿ ಕೂರುತ್ತದೆ. ಹಿಂಬದಿಯನ್ನು ಕೈಯಲ್ಲಿ ಹೆಮ್ ಮಾಡಿದರೆ ಚೊಕ್ಕ, ಯಂತ್ರದಲ್ಲಿ ಹೊಲಿದರೆ ಗಟ್ಟಿ. ಮಕ್ಕಳು ಹೊದೆಯುವುದಾದರೆ ಯಂತ್ರದ್ದೇ ಇರಲಿ.

ಒಗೆತ, ಇಡುವುದು

ಕಚ್ಚಾ ದಾರ ಎಲ್ಲ ತೆಗೆದು, ಬಿಸಿಲಿರುವ ದಿನ ತಣ್ಣೀರಿನಲ್ಲಿ ಒಗೆಯಿರಿ. ಹಿಂಡಬೇಡಿ, ಒತ್ತಿ ನೀರು ಬಸಿಯಿರಿ. ಒಂದೇ ಹಗ್ಗಕ್ಕೆ ಜೋತುಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಎಳೆಯುತ್ತದೆ, ಎರಡು ಹಗ್ಗದ ಮೇಲೆ ಅಗಲಿಸಿ ಹಾಕಿ, ನಡುವೆ ಮಗುಚಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಹೊರಗೋಡೆಗೆ ತಾಗಿರದ ಕಪಾಟಿನಲ್ಲಿಡಿ. ಆಷಾಢದ ಮಳೆಯ ನಡುವೆ ಎಂದಾದರೂ ಎರಡು ಗಂಟೆ ಬಿಸಿಲು ಬಿದ್ದರೆ ಹೊರಗೆ ಹರವಿ, ಮತ್ತೆ ಇಡುವಾಗ ಮೊದಲಿನ ಮಡಿಕೆಯಲ್ಲಿ ಮಡಚದೆ ಬೇರೆ ಕಡೆ ಮಡಚಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಎಳೆ ಸವೆಯುವುದು ಆ ಗೆರೆಯಲ್ಲೇ.